ಇಬ್ಬರಿಂದಲೂ ಬಂದದ್ದು

ಕುತ್ತಿಗೆಯ ಬಾವು ಕೊಯ್ಯುವುದು ಎಷ್ಟರ ಕೆಲಸ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೀರಿ ಎಂದು ಸರ್ಜನ್ ಹೇಳಿದ್ದರು. ಈಜು ಟೀಚರ್ ಅದನ್ನು ನಂಬಿದ್ದಳು. ಅವಳ ಅಮ್ಮ ಮಾತ್ರ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಮುಖ ಬಿಳಿಚಿಕೊಂಡು ಅಡುಗೆಮನೆ ಸೇರಿಕೊಂಡಿದ್ದರು.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಟೀಚರಿನ ಅಣ್ಣ, ಕಾಲೇಜಿಗೆ ಹೋಗುತ್ತಿದ್ದವನು, ಅಪೆಂಡಿಕ್ಸ್ ತೆಗೆಸಲು ಒಳಗೆ ಹೋದವನು ಜೀವಂತ ಹೊರಗೆ ಬಂದಿರಲಿಲ್ಲ. ಪಕ್ಕದ ಬೀದಿಯ ಸಣ್ಣ ನರ್ಸಿಂಗ್ ಹೋಮು. ಹುಡುಗನ ಹಾರ್ಟು ವೀಕಾಗಿತ್ತು ಎಂದು ಅಲ್ಲಿಯವರು ಕೈತೊಳೆದುಕೊಂಡರು. ದೊಡ್ಡಾಸ್ಪತ್ರೆಗೇ ಹೋಗೋಣ ಎಂದು ಅಪ್ಪ ಹಟ ಹಿಡಿದಿದ್ದರು. ಮಗನ ನರಳಾಟ ನೋಡಲಾರದೆ ಅಮ್ಮ ಹತ್ತಿರದ ಆ ನರ್ಸಿಂಗ್ ಹೋಮಿಗೇ ಕರೆದೊಯ್ದಿದ್ದರು. ಅಂದಿನಿಂದ, ಅಮ್ಮ ಬಾಗಿಲ ಚಿಲಕ ಹಾಕುವುದು ಮರೆತರೂ ಸಾಕು, "ನಿಂಗೆ ಯಾರ ಮಾತು ಕೇಳಿ ಗೊತ್ತು" ಎನ್ನುತ್ತಿದ್ದರು ಅಪ್ಪ. ಅಷ್ಟೇ. ಆ ಮನೆಯಲ್ಲಿ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಪರೇಷನ್ ಮುಗಿದ ಮೇಲೆ ಟೀಚರಿಗೆ ಎಚ್ಚರವಾಯಿತು. ಲೋಹದ ತಟ್ಟೆಗೆ ಏನೋ ಬಿದ್ದ ಸದ್ದು ಕೇಳಿಸಿತು. ಸರ್ಜನ್ ಯಾರಿಗೋ ತಮ್ಮ ಸ್ಕೂಟರಿನ ಪಂಕ್ಚರ್ ಕಥೆ ಹೇಳುತ್ತಿದ್ದರು. ಕಣ್ಣು ತೆರೆಯೋಣವೆಂದುಕೊಂಡಳು, ರೆಪ್ಪೆ ಅಲುಗಲಿಲ್ಲ. ಬೆರಳೂ ಇಲ್ಲ. ಉಸಿರೆಳೆಯಹೋದರೆ ಎದೆ ಕಲ್ಲಿನ ಹಾಗೆ ಬಿದ್ದಿತ್ತು. ಗಂಟಲಿನ ಕೊಳವೆಯಿಂದ ಗಾಳಿ ತಾನಾಗಿ ಬಂದಾಗಷ್ಟೇ ಅದು ಏಳುತ್ತಿತ್ತು. ಬಾಲ್ಯದಿಂದ ನೀರಿನಡಿ ಉಸಿರು ಹಿಡಿದು ಪಳಗಿದವಳು ಅವಳು. ಎಷ್ಟೇ ಆಳದಲ್ಲಿದ್ದರೂ ಒಮ್ಮೆ ಕಾಲು ಒದ್ದರೆ ಮೇಲೆ ಬರಬಹುದೆಂಬ ಧೈರ್ಯವಿರುತ್ತಿತ್ತು. ಇಲ್ಲಿ ಒದೆಯಲು ಕಾಲೇ ಇರಲಿಲ್ಲ.

"ಒಳ್ಳೆ ನಿದ್ದೆಗಾರ್ತಿ, ಇನ್ನೂ ಎದ್ದಿಲ್ಲ," ಎಂದಿತು ಒಂದು ದನಿ. "ಟ್ಯೂಬ್ ತೆಗೀಲಾ ಮೇಡಂ?"

ತೆಗೆದರೆ ಸತ್ತೆ ಎಂದು ಅವಳಿಗೆ ಹೊಳೆಯಿತು. ಕೂಗಿದಳು. ಆ ಕೂಗು ಅವಳೊಳಗೇ ಉಳಿಯಿತು.

"ಮುಟ್ಟಬೇಡ," ಎಂದರು ಅರಿವಳಿಕೆ ಡಾಕ್ಟರ್. ಅವರ ದನಿ ಕಿವಿಯ ಹತ್ತಿರಕ್ಕೆ ಬಂತು. ಹೆಬ್ಬೆರಳೊಂದು ಅವಳ ಕಣ್ಣಂಚಿನ ನೀರನ್ನು ಒರೆಸಿತು. "ನಿಮಗೆ ಎಚ್ಚರ ಇದೆ ಅಂತ ಗೊತ್ತಾಯ್ತಮ್ಮ. ಹೆದರಬೇಡಿ. ಉಸಿರು ನಾವೇ ಕೊಡ್ತಿದೀವಿ. ಮತ್ತೆ ನಿದ್ದೆ ಬರಿಸ್ತೀನಿ."

ಅವಳನ್ನು ಗಂಟೆಗಟ್ಟಲೆ ಉಸಿರಾಟದ ಮೆಷಿನ್ನಿನ ಮೇಲಿಟ್ಟರು. ಔಷಧಿ ತಾನೇ ತಾನಾಗಿ ಕರಗಿದ ಮೇಲೆ, ಸಂಜೆಯ ಹೊತ್ತಿಗೆ, ಅವಳು ಸ್ವಂತವಾಗಿ ಉಸಿರಾಡಿದಳು.

ರಕ್ತ ಪರೀಕ್ಷೆಯ ಫಲಿತಾಂಶ ಬಂದಾಗ ಅರಿವಳಿಕೆ ಡಾಕ್ಟರ್ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡರು. ಫ್ಯಾನ್ ತಿರುಗುತ್ತಿದ್ದ ಸಣ್ಣ ಕೋಣೆ, ಗೋಡೆಗೆ ಒರಗಿಸಿದ್ದ ಆಮ್ಲಜನಕದ ಸಿಲಿಂಡರ್.

"ಸ್ನಾಯು ಸಡಿಲ ಮಾಡೋಕೆ ಒಂದು ಔಷಧಿ ಕೊಡ್ತೀವಿ," ಎಂದರು. "ಎಲ್ಲರಿಗೂ ಕೆಲವೇ ನಿಮಿಷಕ್ಕೆ ಇಳಿದುಹೋಗುತ್ತೆ. ಯಾಕಂದ್ರೆ ರಕ್ತದಲ್ಲಿ ಒಂದು ಪ್ರೋಟೀನ್ ಇರುತ್ತೆ. ಮಡಚಿ ಸುತ್ತಿಕೊಂಡ ಉಂಡೆ, ಅದರಲ್ಲೊಂದು ಆಳವಾದ ಕುಳಿ. ಔಷಧಿಯ ಕಣ ಆ ಕುಳಿಗೆ ಬಂದು ಸಿಕ್ಕಿಕೊಂಡರೆ ಪ್ರೋಟೀನ್ ಅದನ್ನ ಕತ್ತರಿಸಿ ಹಾಕುತ್ತೆ. ಕುಳಿಯ ಬಾಯಲ್ಲಿ ಕಣವನ್ನ ಒಳಕ್ಕೆ ಸೆಳೆಯೋ ಒಂದು ತುಣುಕಿದೆ. ನಿಮ್ಮಲ್ಲಿ ಆ ಜಾಗದಲ್ಲಿ ಬೇರೆ ತುಣುಕು ಕೂತಿದೆ. ಅದು ಸೆಳೆಯಲ್ಲ. ಔಷಧಿ ಬರುತ್ತೆ, ಹಿಡಿತಕ್ಕೆ ಸಿಗದೆ ಜಾರಿಹೋಗಿ ಗಂಟೆಗಟ್ಟಲೆ ಮೈಯಲ್ಲೇ ಉಳಿಯುತ್ತೆ."

"ಒಂದೇ ತುಣುಕಾ?"

"ನೂರಾರು ತುಣುಕುಗಳಲ್ಲಿ ಒಂದು. ಈ ಔಷಧಿ ಮೈಗೆ ಹೋಗದಿದ್ರೆ ಸಾಯೋವರೆಗೂ ನಿಮಗೆ ಗೊತ್ತೇ ಆಗ್ತಿರಲಿಲ್ಲ. ಇದು ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು ಬಂದಿರೋದು. ಒಬ್ಬರದೇ ಆಗಿದ್ರೆ ಇಷ್ಟು ತೊಂದರೆ ಆಗ್ತಿರಲಿಲ್ಲ."

ಅಮ್ಮ ಆಗ ಮಗನ ಕಥೆ ಹೇಳಿದರು. "ಆಪರೇಷನ್ ಚೆನ್ನಾಗೇ ಆಯ್ತು, ಉಸಿರು ಮಾತ್ರ ವಾಪಸ್ ಬರಲಿಲ್ಲ ಅಂತ ಆಮೇಲೆ ಒಬ್ಬಳು ನರ್ಸ್ ಅಂದ್ಲು. ನಂಗೆ ಅರ್ಥ ಆಗಿರಲಿಲ್ಲ."

ಡಾಕ್ಟರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಖಂಡಿತ ಅಂತ ಹೇಳೋಕಾಗಲ್ಲಮ್ಮ. ಆದ್ರೆ ಇದೇ ಇರಬೇಕು."

ಅಮ್ಮನ ಮುಖದಲ್ಲಿ ಏನೋ ಸಡಿಲವಾದದ್ದನ್ನು ಟೀಚರ್ ಕಂಡಳು. ಮಾತು ಇಲ್ಲಿಗೇ ಮುಗಿಸಿ ಎದ್ದು ಹೋಗೋಣ ಎಂದು ಅವಳು ಅಮ್ಮನ ಮೊಣಕೈ ಹಿಡಿದಳು. ಅಮ್ಮ ಏಳಲಿಲ್ಲ.

"ಅಲ್ಲೂ ಇವಳಿಗೆ ಹಾಕಿದಂಥ ಮೆಷಿನ್ ಇದ್ದಿದ್ರೆ?"

"ಅಮ್ಮಾ, ಬಿಡು."

"ನೀನು ಸುಮ್ನಿರು. ಹೇಳಿ ಡಾಕ್ಟ್ರೇ."

"ಬದುಕ್ತಿದ್ದ ಅನ್ಸುತ್ತೆ," ಎಂದರು ಡಾಕ್ಟರ್.

"ಆ ಕಾಲಕ್ಕೆ ದೊಡ್ಡಾಸ್ಪತ್ರೇಲಿ ಇತ್ತಾ?"

ಡಾಕ್ಟರ್ ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ಟೀಚರ್ ಅವರ ಮುಖವನ್ನೇ ನೋಡುತ್ತಿದ್ದಳು. "ಇತ್ತು," ಎಂದರು ಅವರು. "ನಾನು ಕಲಿತದ್ದೇ ಅಲ್ಲಿ."

ಬಸ್ಸಿನಲ್ಲಿ ಅಮ್ಮ ಕಿಟಕಿಯತ್ತ ತಿರುಗಿ ಕುಳಿತರು. ಅಪ್ಪನಿಗೆ ಮೊದಲರ್ಧ ಮಾತ್ರ ಹೇಳೋಣ, ಮೆಷಿನ್ ಸುದ್ದಿ ಬೇಡ ಎಂದು ಟೀಚರ್ ಹೇಳಿದಳು.

ಅಪ್ಪ ಊಟದ ಮೇಜಿನ ಮುಂದಿದ್ದರು. ಟೀಚರ್ ಮೊದಲರ್ಧವನ್ನು ನಿಧಾನವಾಗಿ ಬಿಡಿಸಿ ಹೇಳಿದಳು. ಇಬ್ಬರ ಪಾಲೂ ಇದೆ ಎಂದಾಗ ಅವರ ತುತ್ತು ಬಾಯಿಯವರೆಗೆ ಹೋಗಿ ತಟ್ಟೆಗೆ ಮರಳಿತು.

"ನಂದೂ ಇದೆಯಾ?"

"ಇದೆ ಅಪ್ಪ. ಪರೀಕ್ಷೆ ಮಾಡಿಸಲೇಬೇಕಂತಿಲ್ಲ. ನನ್ನ ರಕ್ತವೇ ಹೇಳುತ್ತೆ."

ಅವರು ತಮ್ಮ ಎಡಗೈಯ ಉಬ್ಬಿದ ನರಗಳನ್ನು ನೋಡುತ್ತ ಕುಳಿತರು. ಅಪ್ಪನಿಗೆ ವಯಸ್ಸಾಗಿದೆ ಎಂದು ಅವಳಿಗೆ ಅಂದೇ ಮೊದಲು ಕಂಡಿತು.

"ಅಲ್ಲಿ ಮೆಷಿನ್ ಇರಲಿಲ್ಲ," ಎಂದರು ಅಮ್ಮ, ನಿಂತಲ್ಲಿಂದಲೇ. "ಇದ್ದಿದ್ರೆ ಬದುಕ್ತಿದ್ದ. ನೀವು ಹೇಳಿದಲ್ಲಿಗೇ ಹೋಗಬೇಕಿತ್ತು."

ಇಷ್ಟು ವರ್ಷ ಕಾದ ಮಾತು ಕೊನೆಗೂ ಅಪ್ಪನ ಕೈಗೆ ಬಂದಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. "ದೊಡ್ಡಾಸ್ಪತ್ರೇಲಾದ್ರೂ ಇತ್ತು ಅಂತ ಯಾರು ಕಂಡಿದಾರೆ?" ಎಂದರು ಮೆತ್ತಗೆ. "ಇರಲಿಲ್ವೇನೋ ಬಿಡೇ."

ಅಮ್ಮನಿಗೆ ಅವರು ಕೊಟ್ಟ ಮೊದಲ ಮಾಫಿ ಅದು. ತೆಗೆದುಕೊಂಡುಬಿಡಲಿ ಎಂದು ಟೀಚರ್ ಉಸಿರು ಬಿಗಿಹಿಡಿದಳು.

"ಇತ್ತು," ಎಂದರು ಅಮ್ಮ. "ನಾನು ಕೇಳಿದೆ."

ಅವರು ಒಳಗೆ ಹೋಗಿ ಕತ್ತಲಲ್ಲೇ ಮಂಚದ ಮೇಲೆ ಕುಳಿತರು. ಅಪ್ಪ ತುಸು ಹೊತ್ತು ಬಾಗಿಲಲ್ಲಿ ನಿಂತಿದ್ದು, ತಿರುಗಿ ಬಂದು ಆರಿದ ಊಟದ ಮುಂದೆ ಕುಳಿತುಕೊಂಡರು.