ಬೀಗಿತ್ತಿ ಮೆಚ್ಚಬೇಕಾದ ಡೇರೆ

ನಾನು ಒಂದು ಡೇರೆ. ಕಾರ್ಖಾನೆಯಲ್ಲಿ ಹೊಲಿದು, ಮಡಚಿ, ಚೀಲಕ್ಕೆ ತುರುಕಿದಾಗ ಜಗತ್ತೆಂದರೆ ಇಷ್ಟೇ ಇಕ್ಕಟ್ಟು ಅಂದುಕೊಂಡಿದ್ದೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಆ ಚೀಲದ ಬಾಯಿ ಬಿಚ್ಚಿದವನು ಗದಗದ ಫಕ್ಕೀರಪ್ಪ.

ಫಕ್ಕೀರಪ್ಪನದು ಶಾಮಿಯಾನ ಹಾಕುವ ಕಸುಬು. ಊರವರ ಮದುವೆಗಳಿಗೆಲ್ಲ ಗಟ್ಟಿಮುಟ್ಟಾದ ಪೆಂಡಾಲು ಹಾಕಿದವನು. ಸ್ವಂತ ಮಗಳ ಮದುವೆಯಲ್ಲಿ ಮಾತ್ರ ಅಕ್ಷತೆ ಬೀಳುವ ಹೊತ್ತಿಗೆ ಗಾಳಿ ಎದ್ದು, ಪೆಂಡಾಲು ಬೀಗರ ತಲೆಯ ಮೇಲೆಯೇ ಕುಸಿದಿತ್ತು. ಅಂದಿನಿಂದ ಅಳಿಯನ ತಾಯಿ ನೀಲಗಂಗವ್ವ ಅವನೊಡನೆ ಮಾತು ಬಿಟ್ಟಿದ್ದಳು. ಈಗ ಮಗಳು, ಅಳಿಯ ಗುಡ್ಡದ ಮೇಲೆ ಡೇರೆ ಹಾಕಿಕೊಂಡು ಒಂದು ರಾತ್ರಿ ಇರಲು ಹೊರಟು, ಆಕೆಯನ್ನೂ ಒಪ್ಪಿಸಿದ್ದರು. ಡೇರೆ ತಾನೇ ತರುವೆನೆಂದು ಫಕ್ಕೀರಪ್ಪ ಹಟ ಹಿಡಿದಿದ್ದ. ಹೋದ ಮಾನ ನನ್ನಿಂದ ಮರಳಬೇಕಿತ್ತು. ಬಟ್ಟೆಯ ಬೆನ್ನ ಮೇಲೆ ಎಂಥ ಹೊರೆ ನೋಡಿ!

ಅಂಗಡಿಯವನು ಕಿಟಕಿಗಳಿದ್ದ ಎತ್ತರದ ಡೇರೆ ತೋರಿಸಿದ.

"ಎತ್ತರಾದ್ರ ಗಾಳಿ ಹಿಡೀತೈತಿ. ಆ ಗಿಡ್ಡಂದು ಕೊಡು" ಎಂದು ಫಕ್ಕೀರಪ್ಪ ನನ್ನನ್ನು ಎಳೆದುಕೊಂಡ. ಹೊಲಿಗೆಯನ್ನು ಉಗುರಿನಿಂದ ಕೆರೆದ. ಕೋಲುಗಳನ್ನು ಬಗ್ಗಿಸಿ ಬಿಟ್ಟ. ಕೊನೆಗೆ ತನಗೆ ಕುಡಿಯಲು ಕೊಟ್ಟ ನೀರನ್ನು ನನ್ನ ಮೇಲೆ ಸುರಿದು, ಒಳಗೆ ಕೈಯಾಡಿಸಿ ನೋಡಿದ. ಹನಿಯೂ ಇಳಿದಿರಲಿಲ್ಲ. ಅಂಗಡಿಯ ನೆಲ ಮಾತ್ರ ಕೆರೆಯಾಗಿತ್ತು.

ಗುಡ್ಡ ಹತ್ತಿದಾಗ ಮೋಡ ಕಪ್ಪಾಗಿ, ಪೂರ್ವದಿಂದ ಗಾಳಿ ಜೋರಾಗುತ್ತಿತ್ತು. ಫಕ್ಕೀರಪ್ಪ ನನ್ನ ಬಾಗಿಲನ್ನು ಗಾಳಿಗೆ ಬೆನ್ನಾಗಿ ಪಶ್ಚಿಮಕ್ಕೆ ಇಟ್ಟ. ನೀಲಗಂಗವ್ವ ಸೊಸೆಯ ಕಡೆ ತಿರುಗಿದಳು.

"ಬಾಗಲಾ ಮೂಡಲಕ್ಕ ಇರಬೇಕಂತ ನಿಮ್ಮಪ್ಪಗ ಹೇಳವಾ. ಅಷ್ಟೂ ತಿಳಿಯಂಗಿಲ್ಲೇನು?"

ಡೇರೆಗೂ ವಾಸ್ತುವೇ? ಫಕ್ಕೀರಪ್ಪ ಗಾಳಿ ಬರುವ ದಿಕ್ಕಿಗೆ ಕೈ ತೋರಿಸಹೊರಟ. ಆದರೆ ಬೀಗಿತ್ತಿಗೆ ಎದುರಾಡುವುದುಂಟೇ? ಗೂಟಗಳನ್ನು ಕಿತ್ತು ನನ್ನನ್ನು ಪೂರ್ವಕ್ಕೆ ತಿರುಗಿಸಿ ನೆಟ್ಟ.

ನೀಲಗಂಗವ್ವ ಒಳಗೆ ಕೂತು ರೊಟ್ಟಿ ಗಂಟು ಬಿಚ್ಚಿದ್ದಳಷ್ಟೇ, ಅಡ್ಡಮಳೆ ಹೊಡೆಯಿತು. ತೆರೆದ ಬಾಗಿಲಿನಿಂದ ಗಾಳಿ ನುಗ್ಗಿ ನಾನು ಪೂರಿಯಂತೆ ಉಬ್ಬಿದೆ. ಗೂಟಗಳು ಕಿತ್ತುಬಂದವು. ನೀಲಗಂಗವ್ವನನ್ನೂ ರೊಟ್ಟಿಯನ್ನೂ ಹೊತ್ತುಕೊಂಡು ಇಳಿಜಾರಿಗೆ ಹೊರಟೆ.

"ಯಪ್ಪಾ! ಬೀಗರ, ಹಿಡೀರಿ!"

ಮಕ್ಕಳ ಮದುವೆಯಾದ ಮೇಲೆ ಆಕೆ ಅವನೊಡನೆ ಆಡಿದ ಮೊದಲ ಮಾತು ಅದು. ಫಕ್ಕೀರಪ್ಪ ನನ್ನ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕೆಸರಿನಲ್ಲಿ ಕೂತೇಬಿಟ್ಟ. ಅವನನ್ನೂ ಎಳೆದುಕೊಂಡು ಹೋಗಿ ಪೊದೆಯೊಂದಕ್ಕೆ ಸಿಕ್ಕಿ ನಿಂತೆ. ನನ್ನ ಒಂದು ಹೊಲಿಗೆಯೂ ಬಿಡಲಿಲ್ಲ.

ನೀಲಗಂಗವ್ವ ಹಣೆಗೆ ಶೇಂಗಾ ಚಟ್ನಿ ಮೆತ್ತಿಕೊಂಡು ಹೊರಗೆ ಇಣುಕಿದಳು.

"ನೀವು ಸರಿ ಇಟ್ಟಿದ್ರಲ್ಲ, ನನ್ನ ಮಾತು ಯಾಕ ಕೇಳಿದ್ರಿ?"

"ಬೀಗರ ಮಾತು ಮೀರೂದು ಹ್ಯಾಂಗ್ರಿ ಅಕ್ಕಾರ?"

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಉಳಿದ ರೊಟ್ಟಿಯನ್ನು ತಾನೇ ಅವನ ಕೈಗಿಟ್ಟಳು. ನನಗೆ ನಿಜಕ್ಕೂ ಸಂತೋಷವಾಯಿತು.

ಈಗ ನನಗೆ ವಯಸ್ಸಾಗಿದೆ. ಬಣ್ಣ ಹೋಗಿದೆ. ನೀಲಗಂಗವ್ವನ ಮಾಳಿಗೆಯ ಮೇಲೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತ ಕಾಗೆಗಳಿಂದ ಸಂಡಿಗೆ ಕಾಯುತ್ತೇನೆ. ನನ್ನಂಥವರನ್ನು ಕೊಳ್ಳುವಾಗ ಜನ ಹೊಲಿಗೆ ನೋಡುತ್ತಾರೆ, ಕೋಲು ನೋಡುತ್ತಾರೆ; ಬೀಗಿತ್ತಿಯ ಮಾತು ತಡೆಯುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಮೊನ್ನೆ ಪಕ್ಕದ ಮನೆಯವಳು, "ಈ ಹಳೇ ಅರಿವಿ ತಿಪ್ಪಿಗೆ ಒಗೀಬಾರದೇನ್ರಿ?" ಅಂದಳು.

"ಹಳೇದಾದ್ರೇನು? ನಮ್ಮ ಬೀಗರು ಆರಿಸಿ ತಂದಿದ್ದು" ಎಂದಳು ನೀಲಗಂಗವ್ವ.

ಮಗಳನ್ನು ನೋಡಲು ಬಂದಿದ್ದ ಫಕ್ಕೀರಪ್ಪ ಆಗ ಮೆಟ್ಟಿಲು ಹತ್ತುತ್ತಿದ್ದ. ಮಾತು ಕಿವಿಗೆ ಬಿದ್ದದ್ದೇ ಅಲ್ಲೇ ನಿಂತ, ಆಕೆ ಅದನ್ನು ಇನ್ನೊಮ್ಮೆ ಹೇಳಲಿ ಎಂದು.