ಮಾವ ಹತ್ತಿ ಕೂರುವ ಮೇಜು

ನಮ್ಮ ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು. ಅವರು ಮಾಡಿದ ಮೇಜಿಗೆ ಮಾತ್ರ ನಾಲ್ಕು, ಅದೂ ಆನೆ ಕೂತರೂ ಅಲುಗದಂಥವು. ಹಾಗಂತ ಅವರೇ ಹೇಳುತ್ತಾರೆ. ಹೇಳಿ ಸುಮ್ಮನಾಗುವ ಪೈಕಿಯೂ ಅಲ್ಲ. ಗಿರಾಕಿಯ ಮುಖದಲ್ಲಿ ಚೂರು ಅನುಮಾನ ಕಂಡರೆ ಸಾಕು, ಮೇಜಿಗೆ ಬೆನ್ನು ಕೊಟ್ಟು, ಎರಡೂ ಕೈ ಊರಿ, ಒಂದೇ ಸಲಕ್ಕೆ ಎಗರಿ ಅದರ ಮೇಲೆ ಕೂತು ಕಾಲಾಡಿಸುತ್ತ "ಈಗ ಹೇಳಿ" ಅನ್ನುತ್ತಾರೆ.

ನಾವು ಮಾಡುವುದು ಮೀನು ಶುಚಿ ಮಾಡುವ ಮೇಜುಗಳನ್ನು. ದೋಣಿ ಕಟ್ಟುವ ಜೆಟ್ಟಿಗಳಿಗೆ, ನೀರಂಚಿನ ಮನೆಗಳಿಗೆ. ಮೇಲೆ ದಪ್ಪನೆಯ ಬಿಳಿ ಪ್ಲಾಸ್ಟಿಕ್ ಹಲಗೆ, ಪಕ್ಕದಲ್ಲೊಂದು ತೊಟ್ಟಿ, ಒಂದು ನಲ್ಲಿ, ಹುರುಪೆಯೂ ಕರುಳೂ ಜಾರಿ ನೀರಿಗೆ ಬೀಳಲು ಒಂದು ಕಂಡಿ. ಮಾವನ ಕಾಲದಲ್ಲಿ ಎಲ್ಲ ಕಬ್ಬಿಣವೇ. ನಾನು ಸೊಸೆಯಾಗಿ ಬಂದು ವೆಲ್ಡಿಂಗ್ ಕಲಿತ ಮೇಲೆ, ತುಕ್ಕು ಹಿಡಿಯುವುದಿಲ್ಲವೆಂದು ಅಲ್ಯೂಮಿನಿಯಂ ಶುರು ಮಾಡಿದೆ. ಮಾವ ನಮ್ಮ ಕಾರ್ಖಾನೆಗೆ ಪಾತ್ರೆ ಅಂಗಡಿ ಎಂದು ಹೆಸರಿಟ್ಟರು. ನಾನು ಮಾಡಿದ ಮೇಜಿನ ಮೇಲೆ ಅವರು ಒಂದು ದಿನವೂ ಹತ್ತಿ ಕೂತಿಲ್ಲ. ಉಗುರಿನಿಂದ ಟಣ್ ಎನಿಸಿ, ಗಿರಾಕಿಯ ಎದುರೇ ಮುಖ ತಿರುಗಿಸಿ ಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮಿಬ್ಬರ ಖಾಯಂ ಜಗಳ ವಾಷರಿನದು. ಉಪ್ಪು ನೀರು ತಾಕುವ ಕಡೆ ಸ್ಟೀಲ್ ಬೋಲ್ಟೂ ಅಲ್ಯೂಮಿನಿಯಮ್ಮೂ ಮೈಗೆ ಮೈ ತಾಗಬಾರದು. ತಾಗಿದರೆ ಸ್ಟೀಲು ಹೊಳೆಯುತ್ತಲೇ ಇರುತ್ತದೆ, ಅಲ್ಯೂಮಿನಿಯಂ ಒಳಗೊಳಗೇ ಹಿಟ್ಟಾಗುತ್ತದೆ. ಅದಕ್ಕೇ ನಡುವೆ ಪ್ಲಾಸ್ಟಿಕ್ ವಾಷರ್ ಹಾಕುವುದು. ಕಬ್ಬಿಣ ಬಡಿದು ಕೈ ಪಳಗಿಸಿಕೊಂಡ ಮಾವನಿಗೆ ಇದು ನಗೆಪಾಟಲು. ಲೋಹ ಲೋಹವನ್ನು ಕಚ್ಚಬೇಕು, ನಡುವೆ ಮೆತ್ತನೆಯದು ಬಂದರೆ ಬೋಲ್ಟು ಸಡಿಲವಾಗುತ್ತದೆ ಎನ್ನುವುದು ಅವರ ವಾದ. ಮನೆಯ ಹಿಂದಿನ ಜೆಟ್ಟಿಗೆ ಬೇಕಾದ ಮೇಜನ್ನು, ಅಲ್ಯೂಮಿನಿಯಂ ಕೆಲಸ ತಮಗೂ ಬರುತ್ತದೆಂದು ತೋರಿಸಲು, ಹಟಕ್ಕೆ ಬಿದ್ದು ತಾವೇ ಮಾಡಿದರು. ಅದರ ಕಾಲುಗಳನ್ನು ಜೆಟ್ಟಿಗೆ ಬಿಗಿಯುವ ಬೋಲ್ಟುಗಳಿಗೆಂದು ದೊಡ್ಡ ಕಪ್ಪು ವಾಷರುಗಳನ್ನು ನಾನೇ ಕತ್ತರಿಸಿ ಕೊಟ್ಟಿದ್ದೆ. ಹಾಕಿದ್ದೇನೆ ಅಂದಿದ್ದರು.

ಆವತ್ತು ಸಂಜೆ ಒಂದು ತಿರುಪಿಗಾಗಿ ಕಾರ್ಖಾನೆಯ ಹಳೇ ಡಬ್ಬಗಳನ್ನೆಲ್ಲ ತಡಕಾಡುತ್ತಿದ್ದೆ. ಒಂದರ ತಳದಲ್ಲಿ ಆ ಕಪ್ಪು ವಾಷರುಗಳು ಸಿಕ್ಕವು. ಅಷ್ಟು ದೊಡ್ಡವನ್ನು ನಾನು ಬೇರೆ ಯಾವ ಮೇಜಿಗೂ ಕತ್ತರಿಸಿಲ್ಲ. ಒಂದರ ಮೇಲೂ ಬೋಲ್ಟಿನ ಗುರುತಿರಲಿಲ್ಲ. ಮೊನ್ನೆ ಜೆಟ್ಟಿ ಗುಡಿಸುವಾಗ ಮೇಜಿನ ಕಾಲ ಬುಡದಲ್ಲಿ ಬಿಳಿ ಪುಡಿ ಕಂಡಿದ್ದು ನೆನಪಾಯಿತು. ಉಪ್ಪು ಅಂದುಕೊಂಡು ಗುಡಿಸಿ ಹಾಕಿದ್ದೆ.

ಹಿಂಬಾಗಿಲಿಗೆ ಓಡಿದೆ. ಜೆಟ್ಟಿಯ ಆ ತುದಿಯಲ್ಲಿ ಮಾವ ನನಗೆ ಬೆನ್ನು ಹಾಕಿ ನಿಂತು ಮೀನು ಸೀಳುತ್ತಿದ್ದರು. ಮೇಜು ಇರುವುದು ಜೆಟ್ಟಿಯ ಅಂಚಿಗೆ, ಅರ್ಧ ಹಲಗೆ ನೀರಿನ ಮೇಲಕ್ಕೇ ಚಾಚಿದೆ. ಎಡಮಂಡಿ ಕೈಕೊಟ್ಟ ಮೇಲೆ ಅವರು ಹೊಟ್ಟೆಯನ್ನು ಮೇಜಿಗೆ ಒತ್ತಿಕೊಂಡೇ ನಿಲ್ಲುವುದು. ಚಾಕು ಒತ್ತಿದಾಗಲೆಲ್ಲ ಈಚೆ ಬದಿಯ ಎರಡು ಕಾಲುಗಳು ಬುಡ ಬಿಟ್ಟು ಒಂದು ಬೆರಳಿನಷ್ಟು ಮೇಲೇಳುತ್ತಿದ್ದವು. ಕಾಲಿಟ್ಟರೆ ಜೆಟ್ಟಿಯ ಹಲಗೆಗಳೇ ತೂಗುವ ಜಾಗ, ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ನೀರು ಇಳಿದಿತ್ತು. ಕೆಳಗೆ ಬರೀ ಬಂಡೆ.

ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಮೇಜು ಮುರಿಯುತ್ತಿದೆ ಅಂದರೆ ಈ ಮನುಷ್ಯ ಏನು ಮಾಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ತಿರುಗಿ, ನೀರಿಗೆ ಬೆನ್ನು ಹಾಕಿ, ಎಗರಿ ಕೂರುತ್ತಾರೆ. ಅದರಲ್ಲೂ ಹೇಳಿದವಳು ನಾನಾದರೆ ಎರಡು ಸಲ ಕುಕ್ಕಿ ಕೂರುತ್ತಾರೆ. ಹೇಳದಿದ್ದರೆ ಮುಂದಿನ ಮೀನಿಗೋ ಅದರ ಮುಂದಿನದಕ್ಕೋ ಮೇಜು ಅವರನ್ನೂ ಕರೆದುಕೊಂಡು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಹಲಗೆ ಕಿರುಗುಟ್ಟದಂತೆ ಜೆಟ್ಟಿಯ ಮೇಲೆ ನಡೆದೆ. ಬಕೆಟ್ಟಿನಲ್ಲಿ ಇನ್ನೊಂದು ಮೀನಿತ್ತು, ಎಲ್ಲಕ್ಕಿಂತ ದೊಡ್ಡದು. ಅದನ್ನು ಎತ್ತಿ ಹಲಗೆಗೆ ಒಗೆಯಲು ಅವರು ಬಗ್ಗಿದರು.

"ಮಾವ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸ್ವಲ್ಪ ಕಾರ್ಖಾನೆಗೆ ಬನ್ನಿ. ನಾಳೆ ಕೊಡಬೇಕಾದ ಮೇಜು. ಬೆಸುಗೆ ಬಿಟ್ಕೊಂಡಿದೆ. ನನ್ನ ಕೈಲಾಗ್ತಿಲ್ಲ."

ಆ ಕೊನೆಯ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡು ಹೊರಬಂತು. ಇದನ್ನು ಕೇಳಲು ಅವರು ವರ್ಷಗಟ್ಟಲೆ ಕಾದಿದ್ದರು. ಮೀನನ್ನು ಬಕೆಟ್ಟಿಗೇ ಬಿಟ್ಟು ಅವರು ನಿಧಾನಕ್ಕೆ ತಿರುಗಿದರು. ತಿರುಗುವಾಗ ಆಸರೆಗೆ ಒಂದು ಕೈ ಮೇಜಿನ ಅಂಚು ಹಿಡಿಯಿತು. ಬುಡದಲ್ಲಿ ಏನೋ ಕಟ್ ಅಂದಿತು. ನಾನು ಮುನ್ನುಗ್ಗಿ ಅವರ ಇನ್ನೊಂದು ಕೈ ಹಿಡಿದು ನನ್ನ ಹೆಗಲ ಮೇಲೆ ಹಾಕಿಕೊಂಡೆ. ಎಂದೂ ಇಲ್ಲದ ಈ ಮರ್ಯಾದೆಗೆ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೆ ಬಂದರು.

ದಾರಿಯುದ್ದಕ್ಕೂ ಉಪದೇಶ. ಅವಸರದವಳಿಗೆ ಬೆಸುಗೆ ಒಲಿಯುವುದಿಲ್ಲವಂತೆ, ಹಿರಿಯರ ಮಾತು ಕೇಳಬೇಕಿತ್ತಂತೆ. ಹೂಂ ಹೂಂ ಅನ್ನುತ್ತ ನಡೆದೆ. ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಕಾರ್ಖಾನೆಯಲ್ಲಿ ಕನ್ನಡಕ ಹಾಕಿಕೊಂಡು ನನ್ನ ಮೇಜಿನ ಸುತ್ತ ಬಂದರು. ಒಂದೊಂದು ಬೆಸುಗೆಯ ಮೇಲೂ ಹೆಬ್ಬೆರಳು ಎಳೆದರು. ಮಂಡಿ ನೋವನ್ನೂ ಮರೆತು ಬಗ್ಗಿ ಅಡಿಯನ್ನೂ ನೋಡಿದರು.

"ಎಲ್ಲಿ ಬಿಟ್ಟಿದೆ? ಚೆನ್ನಾಗೇ ಇದೆಯಲ್ಲ," ಅಂದರು.

ನಾನು ಡಬ್ಬವನ್ನು ಅವರ ಮುಂದೆ ಬೋರಲು ಹಾಕಿದೆ. ಕಪ್ಪು ವಾಷರುಗಳು ಹಲಗೆಯ ಮೇಲೆ ಉರುಳಿದವು. ಮಾವ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಹಿಂಬಾಗಿಲ ಕಡೆ ನೋಡಿದರು.

"ಅಲ್ಲೇ ಹೇಳಬಹುದಿತ್ತು."

"ಹೇಳಿದ್ರೆ ನೀವು ಹತ್ತಿ ಕೂತು ತೋರಿಸ್ತಿದ್ರಿ."

ಅವರು ವಾಷರನ್ನು ಕೆಳಗಿಟ್ಟು, ಮೂಲೆಯಲ್ಲಿದ್ದ ಬಿದಿರಿನ ಗಳವೊಂದನ್ನು ತೆಗೆದುಕೊಂಡು ತಾವೇ ಜೆಟ್ಟಿಗೆ ನಡೆದರು. ನಾನು ಹಿಂದೆಯೇ ಹೋದೆ. ದೂರದಲ್ಲೇ ನಿಂತು ಗಳದ ತುದಿಯಿಂದ ಮೇಜನ್ನು ಮೆತ್ತಗೆ ತಳ್ಳಿದರು. ಅದು ತಡೆಯಲೇ ಇಲ್ಲ. ತೊಟ್ಟಿ, ನಲ್ಲಿ ಸಮೇತ ಮಗುಚಿ ಬಂಡೆಗೆ ಬಿದ್ದ ಸದ್ದಿಗೆ ಹಕ್ಕಿಗಳೆಲ್ಲ ಎದ್ದವು. ಮಾವ ಅಲ್ಲೇ ನೆಲಕ್ಕೆ ಕುಸಿದು ಕೂತರು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಳಬೇಡ ಅನ್ನಲಿಲ್ಲ ಅವರು.

ಮರುದಿನ ಬೆಳಿಗ್ಗೆ ಗಿರಾಕಿ ಬಂದ. ನನ್ನ ಮೇಜನ್ನು ಅಲುಗಾಡಿಸಿ ನೋಡಿ, ತೀರಾ ಹಗುರ ಅನ್ನಿಸುತ್ತೆ, ತಡೆಯುತ್ತಾ ಎಂದು ರಾಗ ಎಳೆದ. ಬಾಗಿಲ ಬಳಿ ಕಾಫಿ ಕುಡಿಯುತ್ತಿದ್ದ ಮಾವ ಲೋಟ ಕೆಳಗಿಟ್ಟು ಬಂದರು. ಮೊದಲು ಬಗ್ಗಿ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಪ್ರತಿಯೊಂದರ ಕೆಳಗೂ ಕಪ್ಪು ಅಂಚು ಕಾಣುತ್ತಿತ್ತು. ಆಮೇಲೆ ಮೇಜಿಗೆ ಬೆನ್ನು ಕೊಟ್ಟು, ಎರಡೂ ಕೈ ಊರಿ, ಎಗರಿ ಕೂತರು.

"ನನ್ನ ಸೊಸೆ ಮಾಡಿದ್ದು," ಅಂದರು. "ಈಗ ಹೇಳಿ."