ಮಣ್ಣಿಗೆ ಬಂದವಳು

“ಮಣ್ಣಿಗಿ ಹೊಂಟೀನ್ರಿ,” ಅಂದಳು ಶಿಲ್ಪಾರಾಣಿ, ಆಟೋದಿಂದ ತಲೆ ಹೊರಗೆ ಹಾಕಿ.

ನಾರಾಯಣಖೇಡದ ಹೊರಗೆ ರಸ್ತೆಗೆ ಅಡ್ಡ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದವರು ಆಟೋ ತಡೆದಿದ್ದರು. ತೆಲಂಗಾಣ ರಾಜ್ಯ ಬರುವ ತನಕ ಗಾಲಿ ಉರುಳಬಾರದೆಂದು ಮುಷ್ಕರ ಶುರುವಾಗಿ ತಿಂಗಳಾಗಿತ್ತು. ಆದರೆ ಸಾವಿನ ಮನೆಗೆ ಹೊರಟವರನ್ನು ತಡೆಯುವ ಮುಷ್ಕರ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

“ಯಾರ ಮಣ್ಣವ್ವಾ?”

“ಮನೂರಿನ ನರಸಿಂಹುಲು ಕಾಕಾಂದು.”

ಕಲ್ಲು ಸರಿಸಿ ದಾರಿ ಬಿಟ್ಟರು. ಅವಳು ಸುಳ್ಳು ಹೇಳಿರಲಿಲ್ಲ. ಆದರೂ ಮಡಿಲಲ್ಲಿದ್ದ ಚೀಲದ ಕಡೆ ನೋಡಲು ನಾಚಿಕೆಯಾಯಿತು. ಚೀಲದಲ್ಲಿ ಹೂವಿನ ಹಾರವಿತ್ತು. ಹಾರದ ಕೆಳಗೆ ಒಂದು ಚಮಚವೂ ಖಾಲಿ ಪ್ಲಾಸ್ಟಿಕ್ ಪಾಕೀಟೂ ಇದ್ದವು.

*

ಒಂಬತ್ತು ವರ್ಷದ ಹಿಂದೆ ಇದೇ ಮಾತಾಡಿ ಅವಳು ಒಂದು ಓಣಿಯನ್ನೇ ಗೋಳಾಡಿಸಿದ್ದಳು. ತಾಂಡೂರಿನ ಹುಡುಗಿ, ಮನೆಮಾತು ತೆಲುಗು, ಕನ್ನಡ ಅಷ್ಟಕ್ಕಷ್ಟೆ. ಜಹೀರಾಬಾದಿನ ಒಂದು ಸಣ್ಣ ಕಾರ್ಖಾನೆಗೆ ಹೊಸದಾಗಿ ಸೇರಿ, ಚೌಳು ಮಣ್ಣು ಹುಡುಕುತ್ತ ಬಂದಿದ್ದಳು. ಬಾಗಿಲಲ್ಲಿ ನರಸಿಂಹುಲುವಿನ ಹೆಂಡತಿ ಪೋಚಮ್ಮ ತೊಗರಿ ಕೇರುತ್ತಿದ್ದಳು.

“ನರಸಿಂಹುಲು ಮನಿ ಇದೇನ್ರಿ? ಮಣ್ಣಿಗಿ ಬಂದೀನಿ.”

ಗಂಡ ಬೆಳಿಗ್ಗೆ ಸಂತೆಗೆ ಹೋದವನು ಇನ್ನೂ ಬಂದಿರಲಿಲ್ಲ. ಪೋಚಮ್ಮನ ಕೈಯಿಂದ ಮೊರ ಬಿತ್ತು. ಓಣಿಯ ಹೆಂಗಸರೆಲ್ಲ ಕೂಡಿ ಅಳುವ ಹೊತ್ತಿಗೆ ನರಸಿಂಹುಲು ಉಳ್ಳಾಗಡ್ಡಿ ಚೀಲ ಹೊತ್ತು ಬಂದ. “ಯಾರು ಹೋದ್ರು?” ಎಂದು ಕೇಳಿ, ಯಾರೂ ಹೇಳದಿದ್ದಾಗ ತಾನೂ ಟವೆಲು ಕಣ್ಣಿಗೆ ಒತ್ತಿಕೊಂಡ.

ವಿಷಯ ತಿಳಿದ ಮೇಲೆ ನಕ್ಕದ್ದೇ ನಕ್ಕದ್ದು. ಅಣ್ಣ ಸಾಯಪ್ಪನಿಗೆ ಪಾಲಿನಲ್ಲಿ ಕರಿಮಣ್ಣು ಬಂದಿತ್ತು. ನರಸಿಂಹುಲುವಿನ ಪಾಲಿಗೆ ಬಂದ ಹೊಲದ ಮೂಲೆಯಲ್ಲಿ ಹುಲ್ಲೂ ಹುಟ್ಟದ ಬಿಳಿ ಚೌಳು. ಅದನ್ನು ಕೇಳಿಕೊಂಡು ಯಾರಾದರೂ ಬಂದದ್ದು ಅದೇ ಮೊದಲು.

ಅವಳು ಒಯ್ದ ಒಂದು ಚಮಚ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವ ಸಿಕ್ಕಿತು. ಅದು ಬಿಡುವ ಕಿಣ್ವ ಸುಡುವ ಸೋಡಾ ನೀರಿನಲ್ಲೂ ಬಟ್ಟೆಯ ಕಲೆ ಬಿಡಿಸುತ್ತಿತ್ತು. ಅವಳು ಹುಡುಕಿದ ನಲವತ್ತು ಊರಿನ ಮಣ್ಣಿನಲ್ಲಿ ಅಷ್ಟು ತಾಳುವಂಥದ್ದು ಮತ್ತೊಂದಿರಲಿಲ್ಲ. ಕಾರ್ಖಾನೆ ಆ ಜೀವವನ್ನು ಶೀಷೆಗಳಲ್ಲಿ ಬೆಳೆಸಿ, ಅದರ ಕಿಣ್ವವನ್ನು ಸಾಬೂನು ಪುಡಿಗೆ ಬೆರೆಸತೊಡಗಿತು. ಮರುವರ್ಷ ನರಸಿಂಹುಲು ಅದೇ ಕಾರ್ಖಾನೆಯಲ್ಲಿ ಶೀಷೆ ತೊಳೆಯುವ ಕೆಲಸಕ್ಕೆ ಸೇರಿದ. ಮೊದಲ ಪಗಾರದ ದಿನ ಹೆಂಡತಿಗೆ ಸಾಬೂನು ಪುಡಿ ತಂದುಕೊಟ್ಟ.

“ಇದರಾಗ ನಮ್ಮ ಹೊಲ ಅದ ನೋಡು.”

“ಹೊಲ ಹಾಕಿ ಅರಬಿ ಒಗೀಲೇನು?” ಅಂದಿದ್ದಳು ಪೋಚಮ್ಮ.

*

ಬೆಳೆ ತುಳಿಯುವುದು ಬೇಡವೆಂದು ನರಸಿಂಹುಲುವಿನ ಕುಣಿಯನ್ನು ಆ ಚೌಳಿನ ಮೂಲೆಯಲ್ಲೇ ತೋಡಿದ್ದರು. ಶಿಲ್ಪಾರಾಣಿ ಹಾರ ಹಾಕಿದಳು. ಅತ್ತಳು, ಆ ಅಳುವಿನಲ್ಲಿ ಕಪಟವೇನೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿ ಸರಿದರು. ಅವಳ ಸರದಿ ಬಂದಾಗ ಬಗ್ಗಿ ಹಿಡಿ ತುಂಬಿಕೊಂಡಳು. ಕೈ ಚಾಚಿದಳು. ಹಿಡಿ ಬಿಚ್ಚಲಿಲ್ಲ.

ಪೋಚಮ್ಮ ಆ ಕೈಯನ್ನೇ ನೋಡಿದಳು. “ಅವತ್ತೂ ಮಣ್ಣಿಗಿ ಅಂದಿ, ನನಗ ತಿಳೀಲಿಲ್ಲ. ಇವತ್ತು ಯಾವುದಕ್ಕ ಬಂದಿ, ಖರೇ ಹೇಳವ್ವಾ.”

“ಎರಡಕ್ಕೂ ಬಂದೀನಿ, ಕಾಕಿ. ಮುಷ್ಕರದಾಗ ಕರೆಂಟು ಹೋಗಿ ಫ್ರಿಜ್ಜಿನ್ಯಾಗಿನ ಶೀಷೆಗಳಿಗೆಲ್ಲ ಬೂಷ್ಟು ಹಿಡದದ. ಕಾಕಾನ ಮಣ್ಣಿನ ಹುಳ ಒಂದೂ ಉಳಿದಿಲ್ಲ. ಮತ್ತ ಇಲ್ಲಿಂದೇ ಹುಡುಕಬೇಕು. ಇಲ್ಲಾಂದ್ರ ಅಂವ ಮಾಡಿದ್ದೆಲ್ಲ ಮುಗೀತು. ಇನ್ನ ಈ ಜಾಗ ಕುಣಿ ಆತು, ಮುಂದ ಕೇಳಾಕ ಬರಂಗಿಲ್ಲ.”

ಸಾಯಪ್ಪ ಸಲಿಕೆ ಊರಿ ನಿಂತ. “ಕುಣಿ ಮಣ್ಣು ಯಾರರ ಒಯ್ತಾರೇನವ್ವಾ? ಒಂದು ಕಾಳು ಸುದ್ದಾ ಮನಿಗಿ ಹೋಗಬಾರ್ದು. ಅದಕ್ಕೇ ಕೈಕಾಲು ತೊಳದು ಊರಾಗ ಹೋಗ್ತೀವಿ.”

ಶಿಲ್ಪಾರಾಣಿ ಹಿಡಿ ಬಿಚ್ಚಲು ಹೋದಳು. ಪೋಚಮ್ಮ ಆ ಹಿಡಿಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದಳು.

“ಆಕಿ ಮನಿಗಿ ಎಲ್ಲಿ ಒಯ್ತಾಳ, ಭಾವಾ? ಕಾರ್ಖಾನಿಗಿ ಒಯ್ತಾಳ. ಅಂವ ಡ್ಯೂಟಿಗಿ ಹೊಂಟಾನ, ಹೋಗ್ಲಿ ಬಿಡ್ರಿ.”

ಚಮಚ ಬೇಕಾಗಲಿಲ್ಲ. ಆ ಹಿಡಿ ಪಾಕೀಟಿಗೆ ಬಿತ್ತು. ಇನ್ನೊಂದು ಹಿಡಿ ತುಂಬಿಕೊಂಡು ಶಿಲ್ಪಾರಾಣಿ ಕುಣಿಗೆ ಹಾಕಿದಳು.

ಹಿಂದಿರುಗುವಾಗ ಎಲ್ಲರೂ ಕೈಪಂಪಿನ ಹತ್ತಿರ ನಿಂತರು. ಶಿಲ್ಪಾರಾಣಿಯೂ ಉಗುರ ಸಂದಿ ಬಿಡದೆ ಉಜ್ಜಿ ತೊಳೆದುಕೊಂಡಳು. ಪೋಚಮ್ಮ ತನ್ನ ಸರದಿ ಬಿಟ್ಟು ಪಕ್ಕದಲ್ಲಿ ನಿಂತಿದ್ದಳು, ಪಾಕೀಟಿನ ಬಾಯಿಯ ಮೇಲೆ ಅಂಗೈ ಮುಚ್ಚಿ. ಪಂಪು ಹೊಡೆಯುತ್ತಿದ್ದವನು ಸಾಯಪ್ಪ. ಅವನು ಒಮ್ಮೆ ಪೋಚಮ್ಮನ ಕೈಯ ಕಡೆ ನೋಡಿದ. ಆಮೇಲೆ ಹನಿ ಅತ್ತ ಸಿಡಿಯದ ಹಾಗೆ, ಮೆಲ್ಲಗೆ ಹೊಡೆಯತೊಡಗಿದ.